ಮೊದಲು ಅಂಗಡಿ, ಆಮೇಲೆ ಎಂಬಿಎ

ಕಾರವಾರ

ಪ್ರಿಯ ಗೆಳೆಯ,

ನಿಮ್ಮ ಮಾಣಿಗೆ ಕ್ರೀಡಾ ಸಾಮಗ್ರಿಯ ಕಂಪನಿಯ ಸಿಇಒ ಆಗುವ ಆಸೆ, ದಾರಿ ಹೇಳು ಎಂದು ಬರೆದಿದ್ದೀಯ. ಬಿ.ಕಾಂ. ಮುಗಿದ ಕೂಡಲೇ ಶಿರಸಿಯಿಂದ ಬೆಂಗಳೂರಿಗೆ ಎಂಬಿಎಗೆ ಅಟ್ಟಬೇಡ ಮಾರಾಯ. ಎರಡು ವರ್ಷ ಅಂಗಡಿಯ ಕೌಂಟರಿನಲ್ಲಿ ನಿಲ್ಲಲಿ.

ಶೂ ಕಂಪನಿ ನೈಕಿಯನ್ನೇ ನೋಡು: ಎಲಿಯಟ್ ಹಿಲ್ 1988ರಲ್ಲಿ ಅಲ್ಲಿಗೆ ಇಂಟರ್ನ್ ಆಗಿ ಸೇರಿದವರು. ಮಾರಾಟದ ಕೆಲಸ ಮಾಡುತ್ತಲೇ ಮೇಲೆ ಬಂದು 2020ರಲ್ಲಿ ನಿವೃತ್ತರಾದರು. ಅದೇ ವರ್ಷ ಸಿಇಒ ಆದ ಜಾನ್ ಡೊನಾಹೊ ಆನ್‌ಲೈನ್ ಮಾರಾಟದ ಈಬೇ, ಸಾಫ್ಟ್‌ವೇರಿನ ಸರ್ವಿಸ್‌ನೌ ಕಂಪನಿಗಳನ್ನು ನಡೆಸಿ ಬಂದವರು. ಅವರ ಕಾಲದಲ್ಲಿ ನೈಕಿ ಬೇರೆಯವರ ಅಂಗಡಿಗಳಿಗೆ ಸರಕು ಕಡಿಮೆ ಮಾಡಿ ಸ್ವಂತ ಆಪ್, ಸ್ವಂತ ಮಳಿಗೆಯನ್ನೇ ನೆಚ್ಚಿತು. ಕೊರೋನಾ ಹೊತ್ತಿಗೆ ಲೆಕ್ಕ ಚೆನ್ನಾಗಿಯೇ ಕಂಡಿತು. ಆಮೇಲೆ ನೋಡಿದರೆ ಆ ಅಂಗಡಿಗಳಲ್ಲಿ ಖಾಲಿಯಾದ ಜಾಗದಲ್ಲಿ ಹೋಕಾ, ಆನ್ ಎಂಬ ಬೇರೆ ಕಂಪನಿಗಳ ಶೂಗಳು ಬಂದು ಕೂತಿದ್ದವು. 2024ರ ಅಕ್ಟೋಬರಿನಲ್ಲಿ ಹಿಲ್ ಅವರನ್ನೇ ಮರಳಿ ಕರೆಸಿ ಸಿಇಒ ಮಾಡಿದರು. ಅಡಿಡಾಸ್‌ನ ಬ್ಯೋರ್ನ್ ಗುಲ್ಡೆನ್ ಅಂತೂ ವೃತ್ತಿಪರ ಫುಟ್‌ಬಾಲ್ ಆಡಿ, ಪೂಮಾ ನಡೆಸಿ, 2023ರಲ್ಲಿ ಅಲ್ಲಿಯ ಸಿಇಒ ಆದವರು.

ಕೌಂಟರಿನಲ್ಲಿ ಕಲಿಯುವುದೇನು ಎಂದರೆ, ಬ್ಯಾಡ್ಮಿಂಟನ್ನಿನ ಗರಿಯ ಶಟಲ್ ಡಬ್ಬಿಯನ್ನೇ ತಗೋ. ಮುಚ್ಚಳದ ಮೇಲೆ 76, 77 ಎಂದು ವೇಗದ ಸಂಖ್ಯೆ ಇರುತ್ತದೆ. ಬೆಂಗಳೂರು ಎತ್ತರದಲ್ಲಿದೆ, ಗಾಳಿ ತೆಳು, ಅಲ್ಲಿಗೆ ನಿಧಾನದ ಶಟಲ್ ಬೇಕು. ಅದನ್ನೇ ಸಮುದ್ರಮಟ್ಟದ ಕಾರವಾರಕ್ಕೆ ಕಳಿಸಿದರೆ ಕೋರ್ಟಿನ ತುದಿ ಮುಟ್ಟುವುದಿಲ್ಲ. ಪರೀಕ್ಷೆ ಸುಲಭ: ಕೋರ್ಟಿನ ಹಿಂಗೆರೆಯ ಮೇಲೆ ನಿಂತು ಕೆಳಗಿನಿಂದ ಮೇಲಕ್ಕೆ ಪೂರ್ತಿ ಬೀಸಿ ಹೊಡೆದರೆ ಎದುರಿನ ಹಿಂಗೆರೆಗೆ 53ರಿಂದ 99 ಸೆಂ.ಮೀ. ಒಳಗಡೆ ಬೀಳಬೇಕು. ಇದು ಗೊತ್ತಿಲ್ಲದವರು ಬೆಂಗಳೂರಿನಲ್ಲಿ ಕೂತು ಇಡೀ ರಾಜ್ಯಕ್ಕೆ ಒಂದೇ ಸಂಖ್ಯೆ ಆರ್ಡರ್ ಹಾಕಿದರೆ, ಇಲ್ಲಿಯ ಡಬ್ಬಿಗಳು ಕಪಾಟಿನಲ್ಲೇ ಉಳಿದು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತವೆ.

ಶೂ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ಸೆಟ್ಟಿನಲ್ಲಿ 12 ಜೊತೆ ಎಂದುಕೋ: 6ನೇ ನಂಬರ್ ಒಂದು, 7 ಮೂರು, 8 ನಾಲ್ಕು, 9 ಮೂರು, 10 ಒಂದು. 7, 8, 9 ಹೋದ ಮೇಲೂ ಕಂಪ್ಯೂಟರ್ ಸ್ಟಾಕ್ ಇದೆ ಅನ್ನುತ್ತದೆ. ಬಂದ ಗಿರಾಕಿ ಬರಿಗೈಲಿ ಹೋಗುತ್ತಾನೆ. ಉಳಿದದ್ದನ್ನು ರಿಯಾಯಿತಿಗೆ ತಳ್ಳಬೇಕು: ₹650ಕ್ಕೆ ತಂದ ₹1,000ದ ಶೂ 30% ಕಡಿಮೆಗೆ ಹೋದರೆ ಕೈಗೆ ₹50, ಬಾಡಿಗೆ, ಸಂಬಳ ಅದರಲ್ಲೇ.

ಕೌಂಟರ್ ಆದಮೇಲೆ ಏರಿಯಾ ಸೇಲ್ಸ್, ಅಂದರೆ ಒಂದು ಪ್ರದೇಶದ ಅಂಗಡಿಗಳಿಗೆ ಕಂಪನಿಯ ಸರಕು ಮಾರುವ ಕೆಲಸ, ನಾಲ್ಕೈದು ವರ್ಷ. ಅಂಗಡಿಯವರ ಬಾಕಿ ವಸೂಲಿಯನ್ನೂ ಅಲ್ಲೇ ಕಲಿಯಬೇಕು. ಮುಂದೆ ಶೂ ಅಥವಾ ಬ್ಯಾಟು, ಒಂದು ವಿಭಾಗದ ಖರೀದಿ. ಜಲಂಧರ್, ಮೀರತ್ ಕಾರ್ಖಾನೆಗಳನ್ನು ಆಗ ನೋಡಿಬರಲಿ. ಎಂಬಿಎ ಮಾಡುವುದಿದ್ದರೆ ಈ ಹೊತ್ತಿಗೆ. ಲಾಭ-ನಷ್ಟದ ಪೂರ್ತಿ ಹೊಣೆ ಹೊತ್ತ ಅನುಭವ ಇಲ್ಲದವನನ್ನು ನಿರ್ದೇಶಕ ಮಂಡಳಿ ಸಿಇಒ ಕುರ್ಚಿಗೆ ಪರಿಗಣಿಸುವುದು ಅಪರೂಪ. ಹಾಗಾಗಿ ಚಿಕ್ಕದಾದರೂ ಒಂದು ಪ್ರದೇಶದ ಹೊಣೆಯನ್ನು ಕೇಳಿ ತಗೊಳ್ಳಲಿ.

ಕೌಂಟರ್ ಕಲಿಯಲು ಇಲ್ಲಿಯ ಅಂಗಡಿಗೆ ಬರುವುದಾದರೆ ಮೇ ತಿಂಗಳಲ್ಲೇ ಕಳಿಸು. ಜೂನಿನಲ್ಲಿ ಶಾಲೆ ಶುರುವಾದರೆ ಅಂಗಡಿಯಲ್ಲಿ ಯಾರಿಗೂ ಕಲಿಸುವಷ್ಟು ಪುರುಸೊತ್ತು ಇರುವುದಿಲ್ಲ.

ನಿನ್ನ ಗೆಳೆಯ