ಗುಮಾಸ್ತರಲ್ಲ, ಸಿಪಾಯಿಗಳು

ಮಾನ್ಯ ಸಂಪಾದಕರೇ,

ಭಾನುವಾರದ ಸಂಚಿಕೆಯಲ್ಲಿ ಸಕಲೇಶಪುರದ ಮಂಜರಾಬಾದ್ ಕೋಟೆಯ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಆದರೆ ಟಿಪ್ಪುವಿನ ದಂಡಿನ ಮಾತು ಬಂದಾಗ 'ಕಚೇರಿಗಳನ್ನು ಮುಂದಕ್ಕೆ ಕಳಿಸಲಾಯಿತು' ಎಂದು ಬರೆದಿದ್ದೀರಿ. ಗುಮಾಸ್ತರು ಕಡತದ ಗಂಟು ಹೊತ್ತು ಘಾಟಿ ಇಳಿದಂತಾಯಿತು!

ಆ ಸಾಲು ಇಂಗ್ಲಿಷಿನಿಂದ ಅನುವಾದವಾಗಿ ಬಂದಿರಬೇಕು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಬರುವ 'ಕಚ್ಚೆರ್ರಿ' ಹಿಂದಿಯ ಕಚಹರಿಯಿಂದ ಹೋದದ್ದು. ಸಾಮಾನ್ಯವಾಗಿ ಅದಕ್ಕೆ ಸರ್ಕಾರಿ ಕಚೇರಿ, ನ್ಯಾಯಾಲಯ ಎಂದೇ ಅರ್ಥ. ಶ್ರೀಲಂಕಾದಲ್ಲಿ ಜಿಲ್ಲಾಡಳಿತದ ಕಚೇರಿಯನ್ನು ಈಗಲೂ ಜನ ಹಾಗೇ ಕರೆಯುತ್ತಾರೆ. ಆದರೆ ಯೂಲ್ ಮತ್ತು ಬರ್ನೆಲ್ ರಚಿಸಿದ, ಭಾರತದಲ್ಲಿದ್ದ ಇಂಗ್ಲಿಷರ ಮಾತಿಗೆ ಸೇರಿದ ಪದಗಳ ನಿಘಂಟು 'ಹಾಬ್ಸನ್-ಜಾಬ್ಸನ್' (1886) ಮೈಸೂರಿನ ಮಟ್ಟಿಗೆ ಇನ್ನೆರಡು ಅರ್ಥ ಕೊಡುತ್ತದೆ. ಟಿಪ್ಪುವಿನ ಆಡಳಿತದಲ್ಲಿ ಕಚೇರಿ ಎಂದರೆ ಇಲಾಖೆ. ಸೈನ್ಯದಲ್ಲಿ ಒಂದು ದೊಡ್ಡ ಬ್ರಿಗೇಡ್, ಅಂದರೆ ಸಿಪಾಯಿಗಳ ಪಡೆ. ಇಲಾಖೆಯ ಅರ್ಥ ನಮಗೆ ಹೊಸದೇನಲ್ಲ, ಬೆಂಗಳೂರಿನ ಅಠಾರ ಕಚೇರಿ ಹದಿನೆಂಟು ಇಲಾಖೆಗಳಿಂದಲೇ ಹೆಸರು ಪಡೆದದ್ದು. ಪಡೆಯ ಅರ್ಥ ಮಾತ್ರ ಪೂರಾ ಮರೆತುಹೋಗಿದೆ. ಸಂಗೀತ ಕಚೇರಿ ಎಂದು ಯಾರೂ ಅನುವಾದಿಸಲಿಲ್ಲವಲ್ಲ, ಅದೇ ಪುಣ್ಯ.

ಕಾಗುಣಿತದ ತೊಡಕು ಬೇರೆ. ಆಗಿನ ಇಂಗ್ಲಿಷರು ನಮ್ಮ 'ಅ'ಕಾರವನ್ನು ಕಿವಿಗೆ ಕೇಳಿದಂತೆ ಯು ಅಕ್ಷರದಿಂದ ಬರೆದರು. ಹಾಗಾಗಿ ಕಚೇರಿ ಎಂಬ ಪದ ಸಿ, ಯು, ಟಿ, ಸಿ, ಎಚ್ ಎಂದು ಶುರುವಾಗಿ ಕೆಲವೆಡೆ ಎರಡು ಆರ್, ಮದ್ರಾಸಿನ ಕಡೆ ಒಂದೇ ಆರ್. 1870ರ ದಶಕದಲ್ಲಿ ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಂಟರ್ ಪದ್ಧತಿ ಬಂದ ಮೇಲೆ ಸಿ ಹೋಗಿ ಕೆ, ಯು ಹೋಗಿ ಎ. ನಮ್ಮ ಮಂಜರಾಬಾದಿಗೂ ಇದೇ ಗತಿ: ಎಂ ಆದಮೇಲೆ ಯು, ಜೆ ಇರಬೇಕಾದಲ್ಲಿ ಜೆಡ್.

ಇದು ಬರೀ ಪಂಡಿತರ ತಕರಾರಲ್ಲ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಈಗ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದಾರೆ. ಸೂಚಿಯಲ್ಲಿ ಇಂದಿನ ಕಾಗುಣಿತವೊಂದನ್ನೇ ಇಟ್ಟರೆ ಹಳೆಯ ಇಂಗ್ಲಿಷ್ ಕಾಗದ ಹುಡುಕಿದರೂ ಸಿಗುವುದಿಲ್ಲ. ಸಕಲೇಶಪುರದ್ದು ಬೇಕಾದವರು ಆಗಿನ ಹೆಸರಿನಂತೆ ಮಂಜರಾಬಾದ್ ತಾಲ್ಲೂಕೆಂದು, ಚಿಕ್ಕಮಗಳೂರಿನದು ಬೇಕಾದವರು ಕಡೂರು ಜಿಲ್ಲೆಯೆಂದು ಹುಡುಕಬೇಕು. ಅದೂ ಎರಡು ಮೂರು ಬಗೆಯ ಸ್ಪೆಲಿಂಗಿನಲ್ಲಿ. ಸೂಚಿ ಸಿದ್ಧಪಡಿಸುವವರು ಹಳೆಯ ರೂಪಗಳನ್ನೂ ಪಕ್ಕದಲ್ಲಿ ನಮೂದಿಸಲಿ. ತಾವೂ ಆ ಸಾಲಿಗೊಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರಿಕೆ.

– ನಿವೃತ್ತ ಶಿರಸ್ತೇದಾರ, ಹಾಸನ