ಮುಸುಕು ತೆಗೆಸುವ ಅಧಿಕಾರ ಯಾರದು?

ಮಾನ್ಯ ಸಂಪಾದಕರೇ,

2024ರ ಲೋಕಸಭಾ ಚುನಾವಣೆಯಲ್ಲಿ ಹೈದರಾಬಾದಿನ ಮತಗಟ್ಟೆಯಲ್ಲಿ ಅಭ್ಯರ್ಥಿಯೊಬ್ಬರೇ ಬುರ್ಖಾ ಧರಿಸಿದ್ದ ಮತದಾರರ ಮುಸುಕು ಎತ್ತಿಸಿ ಮುಖ ನೋಡಿದ್ದರು. ಅದು ಅಭ್ಯರ್ಥಿಯ ಕೆಲಸವಲ್ಲ, ಅವರ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟರದೂ ಅಲ್ಲ. ಗುರುತು ಖಚಿತವಾಗಲೇಬೇಕು, ನಿಜ. ಆದರೆ ಮರೆಯಲ್ಲಿ, ಮಹಿಳಾ ಸಿಬ್ಬಂದಿಯೇ ಮುಖವನ್ನು ಗುರುತಿನ ಚೀಟಿಯೊಂದಿಗೆ ಹೋಲಿಸಿ, ಎಡಗೈ ತೋರುಬೆರಳಿಗೆ ಶಾಯಿ ಹಚ್ಚಬೇಕು. ಅದಕ್ಕೆ ಖರ್ಚೇನಿಲ್ಲ, ಮೂಲೆಯಲ್ಲಿ ಬಟ್ಟೆಯ ಪರದೆ ಕಟ್ಟಿದರೂ ಸಾಕು. ಏಜೆಂಟರಿಗೆ ಅನುಮಾನವಿದ್ದರೆ ಕೂಗಾಡುವುದು ಬೇಡ. ಮತಗಟ್ಟೆಯ ಹೊಣೆ ಹೊತ್ತ ಪ್ರಿಸೈಡಿಂಗ್ ಅಧಿಕಾರಿ ಬಳಿ 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪ ಸಲ್ಲಿಸಲಿ, ವಿಚಾರಣೆ ಅವರೇ ನಡೆಸುತ್ತಾರೆ.

ಎಡವಟ್ಟಾಗುವುದು ಸಿಬ್ಬಂದಿ ನಿಯೋಜನೆಯಲ್ಲಿ. ಬುರ್ಖಾ ಧರಿಸುವವರು ಹೆಚ್ಚಿರುವ ಮತಗಟ್ಟೆಗೂ ಬರೀ ಗಂಡಸರನ್ನೇ ಕಳಿಸಿದರೆ, ಗಂಟೆಗಟ್ಟಲೆ ಸಾಲಿನಲ್ಲಿ ನಿಂತ ಹೆಣ್ಣುಮಗಳು ಮುಜುಗರಪಟ್ಟು ಮರಳಬೇಕಾಗುತ್ತದೆ. ಪಟ್ಟಿ ತಯಾರಿಸುವಾಗಲೇ ಅಂಥ ಪ್ರತಿ ಮತಗಟ್ಟೆಗೂ ಒಬ್ಬ ಮಹಿಳಾ ಸಿಬ್ಬಂದಿಯನ್ನು ಕೊಡಿ.

– ಕೆಲವು ಮತಗಟ್ಟೆ ಸಿಬ್ಬಂದಿ, ಕಲಬುರಗಿ