ಕಿಟಕಿ ಕೂರಿಸುವ ಮೊದಲು ಇನ್ನು ಗೋಡೆ ಬಿಚ್ಚುತ್ತೇವೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಹಳೇ ಟ್ರೇಲರ್‌ಗಳ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಮನೆಗಾಡಿಗಳ, ಕಿಟಕಿ ಕೆಲಸದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ. ಇಲ್ಲಿಯವರೆಗೆ ಬೆಳಿಗ್ಗೆ ಗಾಡಿ ತಂದು ಬಿಟ್ಟರೆ ಸಂಜೆಯೊಳಗೆ ಫ್ರೇಮ್ ತೆಗೆದು, ಹೊಸ ಸೀಲ್ ಹಾಕಿ, ಕೂರಿಸಿ ಕೊಡುತ್ತಿದ್ದೆವು. ಇನ್ನು ಮೇಲೆ ಅದು ಆಗುವುದಿಲ್ಲ. ಸುತ್ತಲಿನ ಮರ ನೋಡದೆ ಯಾವ ಫ್ರೇಮನ್ನೂ ಕೂರಿಸುವುದಿಲ್ಲ ಎಂದು ತೀರ್ಮಾನಿಸಿದ್ದೇವೆ. ಹಾಗಾಗಿ ಗಾಡಿ ಕಡಿಮೆ ಅಂದರೂ ಒಂದು ವಾರ ನಮ್ಮ ಶೆಡ್ಡಿನಲ್ಲಿ ಇರಬೇಕಾಗುತ್ತದೆ.

ಕಾರಣ ಮುಚ್ಚಿಡುವಂಥದ್ದಲ್ಲ. ಕಳೆದ ಮಳೆಗಾಲದಲ್ಲಿ ನಾವೇ ಕೂರಿಸಿದ್ದ ಕಿಟಕಿಯೊಂದು ಸೋರುತ್ತಿದೆ ಎಂದು ಗಾಡಿ ವಾಪಸ್ ಬಂತು. ಹೊರಗಿನಿಂದ ಎಲ್ಲ ಚೆನ್ನಾಗಿಯೇ ಇತ್ತು, ಫ್ರೇಮ್ ಫಳಫಳ ಹೊಳೆಯುತ್ತಿತ್ತು. ಕೆಳಗಿನ ಮೂಲೆಯ ಸ್ಕ್ರೂ ತಿರುಗಿಸಿದರೆ ಬಿಗಿಯಾಗಲೇ ಇಲ್ಲ, ಸುಮ್ನೆ ಸುತ್ತುತ್ತಲೇ ಹೋಯಿತು. ಒಳಗಿನ ಪ್ಲೈವುಡ್ ಬಿಚ್ಚಿ, ಅದರ ಹಿಂದಿನ ರೀಪಿಗೆ (ಮರದ ಪಟ್ಟಿಗೆ) ದಬ್ಬಳ ಚುಚ್ಚಿದೆವು. ನೆನೆದ ರಟ್ಟಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಇಳಿಯಿತು. ಕೊಳೆತ ಮರಕ್ಕೆ ಹೊಸ ಸ್ಕ್ರೂ ಹೊಡೆದು ಕಳಿಸಿದ್ದೆವು. ತಪ್ಪು ನಮ್ಮದೇ. ಅದನ್ನು ನಮ್ಮ ಖರ್ಚಿನಲ್ಲೇ ಸರಿಮಾಡಿಕೊಟ್ಟೆವು.

1950–60ರ ದಶಕದ ಬಹಳಷ್ಟು ಟ್ರೇಲರ್‌ಗಳ ಗೋಡೆ ಹೊರಗೆ ತೆಳ್ಳನೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಮರದ ರೀಪು. ಫ್ರೇಮಿನ ಸ್ಕ್ರೂಗಳು ತಗಡು ದಾಟಿ ರೀಪನ್ನು ಕಚ್ಚಿಕೊಳ್ಳುತ್ತವೆ. ಅಂದರೆ ಸೀಲನ್ನು ಒತ್ತಿ ಹಿಡಿಯುವುದು ಆ ಮರವೇ. ಅದು ಸಡಿಲವಾದರೆ ಎಷ್ಟು ಒಳ್ಳೆಯ ಟೇಪ್ ಹಾಕಿದರೂ ಅಷ್ಟೇ. ನೀರು ನುಗ್ಗುವುದು ಹೆಚ್ಚಾಗಿ ಮೇಲಿನ ಅಂಚಿನಿಂದ, ಕೊಳೆಯುವುದು ಮಾತ್ರ ಕೆಳಗಿನ ಮೂಲೆ. ಕಲೆ ಕಂಡ ಜಾಗಕ್ಕೆ ತೇಪೆ ಹಾಕಿ ಮೋಸ ಹೋಗುವುದು ಇದಕ್ಕೇ.

ಇನ್ನು ಒಂದು ವಾರ ಯಾಕೆ ಬೇಕು ಅಂತ. ಮರ ಬದಲಿಸುವುದಕ್ಕಿಂತ ಹಳೇ ಅಂಟು ಕೀಳುವುದೇ ದೊಡ್ಡ ಕೆಲಸ. ತಗಡು ಗೀಚದಂತೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಟರ್ಪೆಂಟೈನಿನಲ್ಲಿ ಒರೆಸಿ, ಕೊನೆಗೆ ಸ್ಪಿರಿಟ್‌ನಲ್ಲಿ ಒರೆಸಬೇಕು. ಆಮೇಲೆ ಸೀಲ್ ಇಲ್ಲದೆ ಫ್ರೇಮನ್ನು ಒಮ್ಮೆ ಕೂರಿಸಿ ನೋಡುತ್ತೇವೆ. ಕೈಯಲ್ಲಿ ಒತ್ತಿದರೆ ಕೂರಬೇಕು, ಸುತ್ತಲೂ ಸ್ವಲ್ಪ ಸಂದು ಉಳಿಯಬೇಕು. ಬಡಿದು ಕೂರಿಸಿದ ಫ್ರೇಮ್ ತಿರುಚಿಕೊಂಡು ರಸ್ತೆಯ ಕುಲುಕಾಟಕ್ಕೆ ಗಾಜು ಸೀಳುತ್ತದೆ. ಅದಕ್ಕೇ ಮೂಲೆಯಿಂದ ಮೂಲೆಗೆ ಅಡ್ಡ ಅಳೆಯುತ್ತೇವೆ, ಎರಡೂ ಅಳತೆ ಒಂದೇ ಬರಬೇಕು. ರಸಮಟ್ಟ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಾಡಿಯೇ ಓರೆ ನಿಂತಿರುತ್ತದೆ, ಅಲ್ವಾ?

ಸೀಲಿಗೆ ಸುಮಾರು 3 ಮಿಲಿಮೀಟರ್ ದಪ್ಪದ ಬ್ಯುಟೈಲ್ ಟೇಪ್ (ಮೆತ್ತನೆ ರಬ್ಬರಿನ ಅಂಟುಪಟ್ಟಿ) ಬಳಸುತ್ತೇವೆ, ಟೇಪಿನ ಜೋಡಣೆ ಕೆಳಗಿನ ಅಂಚಿಗೆ ಬರುವಂತೆ. ತಗಡಿನಲ್ಲಿ ಏರಿಳಿತದ ಗೆರೆಗಳಿದ್ದರೆ ತಗ್ಗುಗಳಿಗೆ ಬೇರೆ ತುಂಡು ತುಂಬಬೇಕು. ಸ್ಕ್ರೂಗಳು ಸ್ಟೇನ್‌ಲೆಸ್. ಒಂದು ಬದಿಯದು, ಆಮೇಲೆ ಎದುರು ಬದಿಯದು, ಹೀಗೆ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತೇವೆ. ಬ್ಯುಟೈಲ್ ಮೆತ್ತಗೆ ಹಿಂಡಿಕೊಂಡು ಹೊರಗೆ ಬರುತ್ತದೆ. ಎರಡು ಮೂರು ದಿನ ಬಿಟ್ಟು ನೋಡಿದರೆ ಅದೇ ಸ್ಕ್ರೂ ಮತ್ತೆ ಕಾಲು ಸುತ್ತು ತಿರುಗುತ್ತದೆ. ಆ ಕಾಲು ಸುತ್ತಿಗಾಗಿಯೇ ಗಾಡಿ ಇಲ್ಲಿ ನಿಲ್ಲಬೇಕಾದದ್ದು. ಹೆಚ್ಚಾಗಿ ಬಂದ ಅಂಟನ್ನು ಕತ್ತರಿಸುವುದೂ ಅದಾದ ಮೇಲೆಯೇ.

“ಮೇಲಿಂದ ಒಂದು ಸುತ್ತು ಸಿಲಿಕೋನ್ ಹಾಕಿಬಿಡಿ” ಎಂದು ಹಲವರು ಕೇಳುತ್ತೀರಿ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಹಾಕುವುದಿಲ್ಲ. ಒಮ್ಮೆ ಸಿಲಿಕೋನ್ ತಗುಲಿದ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯದು, ಬೇರೆ ಸೀಲೂ ಹಿಡಿಯದು. ಅದಕ್ಕಿಂತ ಕೆಟ್ಟದ್ದೆಂದರೆ, ಸಿಲಿಕೋನ್ ಹಾಕುವವರು ಫ್ರೇಮಿನ ಕೆಳಗಿನ ಅಂಚಿನಲ್ಲಿರುವ ಚಿಕ್ಕ ಸೀಳುಗಳನ್ನೂ ಮುಚ್ಚಿಬಿಡುತ್ತಾರೆ. ಅವು ತೂತಲ್ಲ ಸ್ವಾಮಿ! ಕಿಟಕಿಯ ಹಳಿಯೊಳಗೆ ಬಿದ್ದ ಮಳೆನೀರು ಹೊರಗೆ ಹೋಗುವ ದಾರಿ. ಅದನ್ನು ಕಟ್ಟಿದರೆ ನೀರು ಹಳಿಯಲ್ಲಿ ತುಂಬಿ ಒಳಗೇ ಸುರಿಯುತ್ತದೆ. ಒಂದು ಗಾಡಿಯಲ್ಲಿ ಆರು ಕಿಟಕಿಯ ಸೀಳುಗಳನ್ನೂ ನೀಟಾಗಿ ಮುಚ್ಚಿದ್ದನ್ನು ನೋಡಿದ್ದೇವೆ. ಪಾಪ, ತುಂಬಾ ಶ್ರದ್ಧೆಯಿಂದ ಮಾಡಿದ್ದರು.

ಬಿಚ್ಚುವ ತನಕ ಮರ ಹೇಗಿದೆ ಎಂದು ಯಾರೂ ಹೇಳಲಾರರು. ಹಾಗಾಗಿ ಅಂದಾಜು ಪಟ್ಟಿಯೂ ಇನ್ನು ಎರಡು ಭಾಗ. ಮೊದಲು ಬಿಚ್ಚಿ ನೋಡುವುದಕ್ಕೆ ಮಾತ್ರ. ಫೋಟೋ ಕಳಿಸುತ್ತೇವೆ, ನೀವು ಹೂಂ ಅಂದ ಮೇಲೆ ಮುಂದಿನ ಕೆಲಸ. ಮರ ಗಟ್ಟಿಯಿದ್ದರೆ ಎರಡನೇ ಭಾಗ ಚಿಕ್ಕದಾಗುತ್ತದೆ.

ಈ ಮೊದಲು ನಮ್ಮಲ್ಲಿ ಕಿಟಕಿ ಹಾಕಿಸಿಕೊಂಡವರು ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಒಳಗೆ ಕಿಟಕಿಯ ಕೆಳಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ. ನಂತರ ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ. ಕೆಳಗಿನ ಅಂಚಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಬೇಕು. ಮೊದಲೇ ಮೇಲಿಂದ ಬಿಟ್ಟರೆ ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ. ಮೆತ್ತಗೆ ಅನ್ನಿಸಿದರೆ ಅಥವಾ ಹನಿ ಕಂಡರೆ ಗಾಡಿ ತನ್ನಿ. ನಾವು ಕೂರಿಸಿದ ಕಿಟಕಿಗಳನ್ನು ಬಿಚ್ಚಿ ನೋಡುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಶೆಡ್ಡಿನ ಎಲ್ಲರ ಪರವಾಗಿ